ಡ್ರೈಯರ್‌ನಲ್ಲಿ 60 ಡಿಗ್ರಿ, ಬೋರ್ಡಿನಲ್ಲಿ 55: ಅನಲಾಗ್ ಸ್ವಿಚ್ ಐಸಿ ಎಲ್ಲಿ ಕೂರಬೇಕು?

ಪ್ರಶ್ನೆ: ನಮಸ್ಕಾರ ಸರ್. ಗಂಗಾವತಿ ಹತ್ತಿರದ ರೈಸ್ ಮಿಲ್ಲೊಂದರಲ್ಲಿ ಎಲೆಕ್ಟ್ರಿಕಲ್ ಕೆಲಸ ನೋಡಿಕೊಳ್ಳುತ್ತೇನೆ. ಭತ್ತದ ಡ್ರೈಯರ್‌ಗೆ ಇಎಸ್‌ಪಿ32 ಮೈಕ್ರೋಕಂಟ್ರೋಲರ್ ಇಟ್ಟು ಬೋರ್ಡ್ ಮಾಡಿದ್ದೇನೆ. 10ಕೆ (10 ಸಾವಿರ ಓಮ್) ಎನ್‌ಟಿಸಿ ಥರ್ಮಿಸ್ಟರ್ ಏಳು (ಬಿಸಿ ಏರಿದಂತೆ ಓಮ್ ಇಳಿಯುವ ಸೆನ್ಸರ್; ಆ ಇಳಿತದ ಅಳತೆಯಾದ ಬೀಟಾ 3950), ಸ್ಟೀಮ್ ಲೈನಿನ 4–20 ಮಿಲಿಆಂಪ್ ಪ್ರೆಶರ್ ಟ್ರಾನ್ಸ್‌ಮಿಟರ್ ಒಂದು (ಚದರ ಸೆಂ.ಮೀ.ಗೆ 0–10 ಕೆಜಿ; ಅದರ ಕರೆಂಟನ್ನು ವೋಲ್ಟೇಜ್ ಆಗಿಸಲು 100 ಓಮ್ ರೆಸಿಸ್ಟರ್, ಅಂದರೆ ಶಂಟ್). ಎಂಟೂ ಒಂದೇ ಸಿಡಿ4051 (ಎಂಟು ಚಾನೆಲ್‌ಗಳಲ್ಲಿ ಒಂದನ್ನು ಆರಿಸಿ ಕಾಮನ್ ಪಿನ್ನಿಗೆ ಜೋಡಿಸುವ ಅನಲಾಗ್ ಸ್ವಿಚ್ ಐಸಿ) ಮೂಲಕ ಹೋಗುತ್ತವೆ. ಐಸಿಗೆ 5 ವೋಲ್ಟ್ ಕೊಟ್ಟಿದ್ದೇನೆ. ಕಾಮನ್ ಪಿನ್ನಿನಿಂದ 3.3 ವೋಲ್ಟ್‌ಗೆ ಒಂದು 10ಕೆ ರೆಸಿಸ್ಟರ್, ಗ್ರೌಂಡಿಗೆ 10 ಮೈಕ್ರೋಫ್ಯಾರಡ್ ಕೆಪಾಸಿಟರ್. ಒಂದೊಂದು ಚಾನೆಲ್‌ಗೆ 50 ಮಿಲಿಸೆಕೆಂಡ್ ಕಾದು ಓದುತ್ತೇನೆ. ತೊಂದರೆಗಳು ಇವು: ಡ್ರೈಯರ್ 60 ಡಿಗ್ರಿ ಇದ್ದಾಗ ಬೋರ್ಡ್ 55 ತೋರಿಸುತ್ತದೆ. ಬಾಯ್ಲರ್ ತಣ್ಣಗಿದ್ದರೂ 0.8 ಕೆಜಿ ಪ್ರೆಶರ್ ಬರುತ್ತದೆ. ಬೆಳಿಗ್ಗೆ ಎಲ್ಲ ಕಡೆ 30 ಡಿಗ್ರಿ ಇರುವಾಗ ಮೊದಲನೇ ಸೆನ್ಸರ್ 39, ಎರಡನೆಯದು 32, ಉಳಿದವು 29ರ ಆಸುಪಾಸು. ಸೆನ್ಸರ್ ಬದಲಾಯಿಸಿದರೂ ಹಾಗೇ. ನಾಲ್ಕನೇ ಸೆನ್ಸರಿನ ವೈರ್ ಕಡಿದಾಗ ಐದನೆಯದೂ ಕೆಡುತ್ತದೆ. ಮಧ್ಯಾಹ್ನ ಒಮ್ಮೊಮ್ಮೆ ಚಾನೆಲ್‌ಗಳು ಅದಲುಬದಲಾಗುತ್ತವೆ. ಕರೆಂಟ್ ಹೋಗಿ ಬಂದಾಗ ಎರಡು ಸಲ ಐಸಿ ಸುಟ್ಟಿದೆ. ಪ್ಲಾಟಿನಂನ ಪಿಟಿ100 ಸೆನ್ಸರ್‌ಗೆ ಬದಲಾಯಿಸಿದರೆ ಸರಿಹೋಗುತ್ತದೆಯೇ?

ಉತ್ತರ: ಮೊದಲು ಪಿಟಿ100 ವಿಷಯ. ಈಗಿರುವ ಸರ್ಕ್ಯೂಟಿನಲ್ಲೇ ಅದನ್ನು ಹಾಕಿದರೆ ತಪ್ಪು ನೂರಾರು ಡಿಗ್ರಿಗೆ ಏರುತ್ತದೆ. ನಿಮ್ಮ ಸೆನ್ಸರ್‌ಗಳಲ್ಲಿ ದೋಷವಿಲ್ಲ, ಪ್ರೋಗ್ರಾಮಿನಲ್ಲೂ ದೊಡ್ಡ ತಪ್ಪಿಲ್ಲ. 4051 ಸರ್ಕ್ಯೂಟಿನಲ್ಲಿ ಕೂತಿರುವ ಜಾಗ ತಪ್ಪಾಗಿದೆ.

4051ರ ಒಳಗೆ ರಿಲೇಯಲ್ಲಿರುವಂಥ ಲೋಹದ ಕಾಂಟ್ಯಾಕ್ಟ್ ಇಲ್ಲ. ಪ್ರತಿ ಚಾನೆಲ್‌ಗೂ ಒಂದು ಎನ್-ಮಾಸ್, ಒಂದು ಪಿ-ಮಾಸ್ ಟ್ರಾನ್ಸಿಸ್ಟರ್ ಅಕ್ಕಪಕ್ಕ ಜೋಡಿಯಾಗಿವೆ. ಸಿಗ್ನಲ್ ಗ್ರೌಂಡಿನ ಹತ್ತಿರ ಇದ್ದಾಗ ಎನ್-ಮಾಸ್ ಚೆನ್ನಾಗಿ ಹರಿಸುತ್ತದೆ, ಸಪ್ಲೈ ಹತ್ತಿರ ಇದ್ದಾಗ ಪಿ-ಮಾಸ್. ಪೂರ್ತಿ ಆನ್ ಆದಾಗಲೂ ಇವುಗಳಲ್ಲಿ ರೆಸಿಸ್ಟನ್ಸ್ ಉಳಿದೇ ಉಳಿಯುತ್ತದೆ, ಅದೂ ಸಪ್ಲೈ ವೋಲ್ಟೇಜ್ ಕಡಿಮೆಯಾದಷ್ಟೂ ಹೆಚ್ಚು. ಡೇಟಾಶೀಟಿನ ಪ್ರಕಾರ ಸಿಡಿ4051ರ ಆನ್ ರೆಸಿಸ್ಟನ್ಸ್ 15 ವೋಲ್ಟ್‌ನಲ್ಲಿ ಸಾಮಾನ್ಯವಾಗಿ 125 ಓಮ್, 10 ವೋಲ್ಟ್‌ನಲ್ಲಿ 180, 5 ವೋಲ್ಟ್‌ನಲ್ಲಿ 470. 5 ವೋಲ್ಟ್‌ನಲ್ಲಿ 25 ಡಿಗ್ರಿಯಲ್ಲಿ ಗರಿಷ್ಠ 1050, ಐಸಿ 85 ಡಿಗ್ರಿಗೆ ಕಾದರೆ 1200. ಆರ್‌ಸಿಎ ಕಂಪನಿ 1968ರಲ್ಲಿ ಶುರುಮಾಡಿದ 4000 ಸರಣಿಯ ಐಸಿ ಇದು. 18 ವೋಲ್ಟ್‌ವರೆಗೂ ದುಡಿಯಬಲ್ಲ ಇದಕ್ಕೆ 5 ವೋಲ್ಟ್ ಅಂದರೆ ಅರೆಹೊಟ್ಟೆ.

ಹಾಗಿದ್ದರೂ ಈ ರೆಸಿಸ್ಟನ್ಸ್ ತೊಂದರೆ ಕೊಡಲೇಬೇಕೆಂದಿಲ್ಲ. ನಿಮ್ಮ ಕಡೆಯ ತುಂಗಭದ್ರಾ ಎಡದಂಡೆ ಕಾಲುವೆಯ ತೂಬನ್ನು ನೆನೆಸಿಕೊಳ್ಳಿ. ಇಕ್ಕಟ್ಟಾದ ತೂಬಿನಲ್ಲಿ ನೀರು ಹರಿಯುತ್ತಿರುವಾಗ ಈಚೆ ಒಂದು ಮಟ್ಟ, ಆಚೆ ಒಂದು ಮಟ್ಟ. ಹರಿವು ನಿಂತರೆ ತೂಬು ಎಷ್ಟೇ ಇಕ್ಕಟ್ಟಾಗಿರಲಿ, ಎರಡೂ ಕಡೆ ಮಟ್ಟ ಒಂದೇ. ಅನಲಾಗ್ ಸ್ವಿಚ್ಚಿಗೂ ಇದೇ ಲೆಕ್ಕ. ಅದರೊಳಗೆ ಕರೆಂಟ್ ಹರಿದರೆ ಮಾತ್ರ ವೋಲ್ಟೇಜ್ ವ್ಯತ್ಯಾಸ ಬರುತ್ತದೆ. ನಿಮ್ಮ 10ಕೆ ಪುಲ್-ಅಪ್ (3.3 ವೋಲ್ಟ್‌ಗೆ ಕೊಟ್ಟ ರೆಸಿಸ್ಟರ್) ಕಾಮನ್ ಪಿನ್ನಿನಲ್ಲಿದೆ. ಥರ್ಮಿಸ್ಟರಿಗೆ ಹೋಗುವ ಕರೆಂಟ್ ಪೂರ್ತಿ ಸ್ವಿಚ್ಚಿನೊಳಗಿಂದಲೇ ಹಾಯಬೇಕು. ಆದ್ದರಿಂದ ಸ್ವಿಚ್ಚಿನ 470 ಓಮ್ ಥರ್ಮಿಸ್ಟರಿಗೆ ಕೂಡಿಕೊಂಡು, ಬೋರ್ಡಿಗೆ ಎರಡೂ ಒಂದೇ ಆಗಿ ಕಾಣುತ್ತವೆ.

ಲೆಕ್ಕ ಹಾಕಿದರೆ ನಿಮ್ಮ ಅಂಕಿಗಳೇ ಬರುತ್ತವೆ. ಬೀಟಾ 3950ರ 10ಕೆ ಥರ್ಮಿಸ್ಟರ್ 60 ಡಿಗ್ರಿಯಲ್ಲಿ ಸುಮಾರು 2486 ಓಮ್. ಅದಕ್ಕೆ 470 ಕೂಡಿದರೆ 2956, ಅಂದರೆ 55.2 ಡಿಗ್ರಿ. ಬೆಳಿಗ್ಗೆ 30 ಡಿಗ್ರಿಯಲ್ಲಿ ಥರ್ಮಿಸ್ಟರ್ 8037 ಓಮ್ ಇರುತ್ತದೆ. ಅಲ್ಲಿ 470 ಸೇರಿದರೆ 28.7 ತೋರಿಸುತ್ತದೆ, ಯಾರ ಕಣ್ಣಿಗೂ ಬೀಳುವುದಿಲ್ಲ. ಬಿಸಿ ಏರಿದಷ್ಟೂ ಥರ್ಮಿಸ್ಟರಿನ ಓಮ್ ಇಳಿಯುತ್ತದೆ, ಸ್ವಿಚ್ಚಿನ ಪಾಲು ದೊಡ್ಡದಾಗುತ್ತದೆ. ತಣ್ಣಗಿದ್ದಾಗ ಹೊಂದುತ್ತದೆ, ಬಿಸಿಯಾದಾಗ ಕಡಿಮೆ ತೋರಿಸುತ್ತದೆ ಎಂದರೆ ಮೊದಲು ಅನುಮಾನಿಸಬೇಕಾದ್ದು ಸೆನ್ಸರಿನ ಜೊತೆ ಸರಣಿಯಲ್ಲಿ ಸೇರಿಕೊಂಡ ಇಂಥ ರೆಸಿಸ್ಟನ್ಸನ್ನೇ. ಸ್ವಿಚ್ 1050 ಓಮ್‌ನ ಐಸಿ ಆಗಿದ್ದರೆ 60 ಡಿಗ್ರಿ ನಿಮಗೆ 50 ಆಗಿ ಕಾಣುತ್ತಿತ್ತು. ಪ್ರೋಗ್ರಾಮಿನಲ್ಲಿ 5 ಡಿಗ್ರಿ ಕೂಡಿಸಿ ಮುಗಿಸುವ ಯೋಚನೆ ಇದ್ದರೆ ಬಿಟ್ಟುಬಿಡಿ. ಈ ತಪ್ಪು ಪ್ರತಿ ತಾಪಮಾನಕ್ಕೂ ಬೇರೆ, ಪ್ರತಿ ಐಸಿಗೂ ಬೇರೆ, ಐಸಿ ಕಾದಾಗ ಮತ್ತೂ ಬೇರೆ. 55 ಎಂದು ನಂಬಿ ಆಪರೇಟರ್ ಸ್ಟೀಮ್ ಏರಿಸಿದರೆ ಕಾಳು ಬಿರುಕುಬಿಟ್ಟು ಮಿಲ್ಲಿಂಗ್‌ನಲ್ಲಿ ನುಚ್ಚು ಜಾಸ್ತಿಯಾಗುತ್ತದೆ. ಆ ನಷ್ಟದ ಮುಂದೆ ಬೋರ್ಡ್ ಬದಲಾವಣೆಯ ಖರ್ಚು ಏನೂ ಅಲ್ಲ.

0.8 ಕೆಜಿಯ ಮೂಲವೂ ಇದೇ. ಪ್ರೆಶರ್ ಸೊನ್ನೆ ಇದ್ದಾಗ 4 ಮಿಲಿಆಂಪ್ 100 ಓಮ್‌ನಲ್ಲಿ ಹರಿದು 0.4 ವೋಲ್ಟ್ ಬರಬೇಕು. ಕಾಮನ್ ಪಿನ್ನಿನ 10ಕೆ ಅಲ್ಲಿಗೂ ಕರೆಂಟ್ ತಳ್ಳುತ್ತದೆ. ಉಳಿದ 2.9 ವೋಲ್ಟ್ 10ಕೆ ಮತ್ತು 470 ಓಮ್ ನಡುವೆ ಹಂಚಿಕೆಯಾಗಿ, ಸ್ವಿಚ್ಚಿನ ಪಾಲಿಗೆ 0.13 ವೋಲ್ಟ್ ಬೀಳುತ್ತದೆ. ಬೋರ್ಡ್ ಓದುವುದು 0.53. ನಿಮ್ಮ 10 ಕೆಜಿ ಅಂದರೆ 1.6 ವೋಲ್ಟ್ ವ್ಯಾಪ್ತಿ, ಅದರಲ್ಲಿ 0.13 ವೋಲ್ಟ್ ಅಂದರೆ 0.8 ಕೆಜಿ. ಇಲ್ಲಿ ಒಂದು ಮಾತು ಖಡಾಖಂಡಿತವಾಗಿ ಹೇಳಬೇಕು: ಈ ಬೋರ್ಡ್ ಎಷ್ಟೇ ಸರಿಹೋದರೂ ಬಾಯ್ಲರಿನ ಸೇಫ್ಟಿ ವಾಲ್ವ್, ಪ್ರೆಶರ್ ಗೇಜ್‌ಗಳ ಜಾಗಕ್ಕೆ ಬರಕೂಡದು. ಇದು ನೋಡುವುದಕ್ಕೆ ಮಾತ್ರ.

ನಂಬುವ ಮೊದಲು ಮೀಟರಿನಲ್ಲಿ ನೋಡಿಬಿಡಿ. ಒಂದು ಥರ್ಮಿಸ್ಟರ್ ಬಿಚ್ಚಿ, ಆ ಜಾಗಕ್ಕೆ 1 ಪರ್ಸೆಂಟಿನ 2.49ಕೆ ರೆಸಿಸ್ಟರ್ ಹಾಕಿ. ಅದು ಬದಲಾಗದ 60 ಡಿಗ್ರಿ ಇದ್ದ ಹಾಗೆ. ಪ್ರೋಗ್ರಾಮನ್ನು ಆ ಒಂದೇ ಚಾನೆಲ್ ಮೇಲೆ ನಿಲ್ಲಿಸಿ. ಡಿಜಿಟಲ್ ಮಲ್ಟಿಮೀಟರನ್ನು ಡಿಸಿ ಮಿಲಿವೋಲ್ಟ್‌ಗೆ ಇಟ್ಟು, ಒಂದು ಪ್ರೋಬ್ ಐಸಿಯ 3ನೇ ಪಿನ್ನಿಗೆ (ಅದೇ ಕಾಮನ್), ಇನ್ನೊಂದು ಆ ಚಾನೆಲ್ ಪಿನ್ನಿಗೆ ಹಿಡಿಯಿರಿ. ಈಗಿನ ಸರ್ಕ್ಯೂಟಿನಲ್ಲಿ 120 ಮಿಲಿವೋಲ್ಟ್ ಆಸುಪಾಸು ಬರುತ್ತದೆ. ಕರೆಂಟ್ ಸುಮಾರು 0.25 ಮಿಲಿಆಂಪ್, ಓದಿದ ಮಿಲಿವೋಲ್ಟನ್ನು ಅದರಿಂದ ಭಾಗಿಸಿದರೆ ನಿಮ್ಮ ಐಸಿಯ ನಿಜವಾದ ಆನ್ ರೆಸಿಸ್ಟನ್ಸ್ ಸಿಗುತ್ತದೆ. ಹೆಸರು ಅಳಿಸಿ ಬೇರೆ ನಂಬರ್ ಬರೆದ ಐಸಿಗಳನ್ನು ಹಿಡಿಯುವುದಕ್ಕೂ ಇದು ಒಳ್ಳೆಯ ದಾರಿ. ಸರಿಪಡಿಸಿದ ಮೇಲೆ ಇದೇ ಜಾಗದಲ್ಲಿ 1 ಮಿಲಿವೋಲ್ಟ್‌ಗಿಂತ ಕಡಿಮೆ ಬರಬೇಕು.

ಸರಿಪಡಿಸುವುದು ಹೀಗೆ. ಕಾಮನ್ ಪಿನ್ನಿನ 10ಕೆ ತೆಗೆದುಹಾಕಿ. ಏಳು ಥರ್ಮಿಸ್ಟರಿಗೂ ಬೇರೆ ಬೇರೆ 10ಕೆ, 1 ಪರ್ಸೆಂಟ್ ಮೆಟಲ್ ಫಿಲ್ಮ್ ರೆಸಿಸ್ಟರನ್ನು ಟರ್ಮಿನಲ್ ಬ್ಲಾಕಿನ ಹತ್ತಿರ 3.3 ವೋಲ್ಟ್‌ಗೆ ಕೊಡಿ. ಈಗ ಪ್ರತಿ ಡಿವೈಡರೂ (ವೋಲ್ಟೇಜ್ ಹಂಚಿಕೊಳ್ಳುವ 10ಕೆ, ಥರ್ಮಿಸ್ಟರ್ ಜೋಡಿ) ಸ್ವಿಚ್ಚಿನ ಹೊರಗೇ ಪೂರ್ತಿಯಾಗುತ್ತದೆ. ಸ್ವಿಚ್ ಅಲ್ಲಿನ ವೋಲ್ಟೇಜನ್ನು ಬರೀ ತೋರಿಸುತ್ತದೆ, ಹೊರುವುದಿಲ್ಲ. 10ಕೆ ಮತ್ತು ಥರ್ಮಿಸ್ಟರ್ ಸೇರುವ ಬಿಂದುವಿನಿಂದ 1ಕೆ ಸರಣಿ ರೆಸಿಸ್ಟರ್, ಅದು ಐಸಿಯ ಚಾನೆಲ್ ಪಿನ್ ಮುಟ್ಟುವಲ್ಲಿ ಗ್ರೌಂಡಿಗೆ 100 ನ್ಯಾನೋಫ್ಯಾರಡ್ ಸೆರಾಮಿಕ್ ಕೆಪಾಸಿಟರ್. 60 ಡಿಗ್ರಿಯಲ್ಲಿ 0.66 ವೋಲ್ಟ್, 30ರಲ್ಲಿ 1.47, 90ರಲ್ಲಿ 0.28 ಬರುತ್ತದೆ. ಇಎಸ್‌ಪಿ32ರ ಎಡಿಸಿ (ವೋಲ್ಟೇಜನ್ನು ಅಂಕಿಯಾಗಿಸುವ ಭಾಗ) 0.15ರಿಂದ 2.45 ವೋಲ್ಟ್ ಒಳಗೆ ಮಾತ್ರ ನಂಬಿಕೆಗೆ ಅರ್ಹ, ನಿಮಗೆ ಬೇಕಾದ್ದೆಲ್ಲ ಅದರೊಳಗಿದೆ. ಪ್ರೆಶರ್ ಚಾನೆಲ್‌ಗೆ ಶಂಟಿನಿಂದ 10ಕೆ ಸರಣಿ ರೆಸಿಸ್ಟರ್ ಹಾಕಿ. 1ಕೆ ಯಾಕೆ ಸಾಲದು ಎಂಬುದನ್ನು ಮುಂದೆ ಹೇಳುತ್ತೇನೆ.

ಈಗ 39, 32, 29ರ ಸಾಲು. ಸಂಖ್ಯೆಗಳು ಮೆಟ್ಟಿಲಿಳಿದ ಹಾಗೆ ಇಳಿದಿವೆ, ಗಮನಿಸಿ. ಸೆನ್ಸರ್ ಕೆಟ್ಟರೆ ಒಂದೇ ಚಾನೆಲ್ ಕೆಡುತ್ತದೆ. ಹೀಗೆ ಬಾಲದಂತೆ ಮುಂದಿನವಕ್ಕೂ ಹರಡಿದರೆ ಅದು ಹಿಂದಿನ ಚಾನೆಲ್ಲಿನ ಚಾರ್ಜ್. ನಿಮ್ಮ ಕಾಮನ್ ಪಿನ್ನಿನ 10 ಮೈಕ್ರೋಫ್ಯಾರಡ್ ಕೆಪಾಸಿಟರ್ ಎಂಟನೇ ಚಾನೆಲ್ಲಿನ 0.53 ವೋಲ್ಟ್ ಹೊತ್ತುಕೊಂಡು ಮೊದಲನೇ ಚಾನೆಲ್ಲಿಗೆ ಬರುತ್ತದೆ. ಅಲ್ಲಿ ಅದು 1.52 ವೋಲ್ಟ್‌ಗೆ ಏರಬೇಕು. 10ಕೆ ಮತ್ತು ಸುಮಾರು 8.5ಕೆ ಸಮಾಂತರವಾಗಿ 4.6ಕೆ, ಅದನ್ನು 10 ಮೈಕ್ರೋಫ್ಯಾರಡ್‌ನಿಂದ ಗುಣಿಸಿದರೆ ಟೈಮ್ ಕಾನ್‌ಸ್ಟಂಟ್ (ಕೆಪಾಸಿಟರ್ ಎಷ್ಟು ಬೇಗ ತುಂಬುತ್ತದೆ ಎಂಬುದರ ಅಳತೆ) 46 ಮಿಲಿಸೆಕೆಂಡ್. 50 ಮಿಲಿಸೆಕೆಂಡಿನಲ್ಲಿ ಮೂರನೇ ಎರಡು ಪಾಲು ದಾರಿ ಮಾತ್ರ ಸವೆದಿರುತ್ತದೆ. ಬೋರ್ಡ್ 1.18 ವೋಲ್ಟ್ ಓದಿ 39 ಡಿಗ್ರಿ ಅನ್ನುತ್ತದೆ. ಎರಡನೆಯದಕ್ಕೆ ಬರುವಷ್ಟರಲ್ಲಿ ಉಳಿಕೆ ಮೂರರಲ್ಲೊಂದು ಪಾಲಾಗಿದೆ, ಮೂರನೆಯದಕ್ಕೆ ಇನ್ನೂ ಕಡಿಮೆ. 12 ಬಿಟ್‌ನ ನಿಖರತೆಗೆ ಟೈಮ್ ಕಾನ್‌ಸ್ಟಂಟಿನ 8.3 ಪಟ್ಟು ಕಾಯಬೇಕು. ಇಲ್ಲಿ ಅದು ಚಾನೆಲ್ಲಿಗೆ 380 ಮಿಲಿಸೆಕೆಂಡ್ ದಾಟುತ್ತದೆ.

ಕಡಿದ ವೈರಿನ ಕಥೆ ಇದಕ್ಕಿಂತ ಅಪಾಯದ್ದು. ಡ್ರೈಯರ್ ಬಿಸಿ ಇರುವಾಗ ನಾಲ್ಕನೇ ವೈರ್ ಕಡಿದರೆ ಕಾಮನ್ ಪಿನ್ 3.3 ವೋಲ್ಟ್ ಕಡೆ ಏರಲು ಹೊರಡುತ್ತದೆ. ಆದರೆ 10ಕೆ, 10 ಮೈಕ್ರೋಫ್ಯಾರಡ್ ಸೇರಿ 100 ಮಿಲಿಸೆಕೆಂಡಿನ ಟೈಮ್ ಕಾನ್‌ಸ್ಟಂಟ್, ನೀವು ಕಾಯುವುದು ಅದರ ಅರ್ಧ. 1.75 ವೋಲ್ಟ್‌ನಲ್ಲಿ ಓದುತ್ತೀರಿ. ಅಂದರೆ ಕಡಿದ ಸೆನ್ಸರ್ ‘ಕಡಿದಿದೆ’ ಅನ್ನುವುದರ ಬದಲು 22 ಡಿಗ್ರಿ ಎಂದು ನೆಮ್ಮದಿಯಾಗಿ ತೋರಿಸುತ್ತದೆ, ಐದನೆಯದು ಇನ್ನೂ 5 ಡಿಗ್ರಿ ಕುಸಿಯುತ್ತದೆ. ಹೊಸ ಜೋಡಣೆಯಲ್ಲಿ ಕಾಮನ್ ಪಿನ್ನಿನಲ್ಲಿ ದೊಡ್ಡ ಕೆಪಾಸಿಟರ್ ಬೇಡವೇ ಬೇಡ. ಚಾನೆಲ್ ಕಡೆಯ 100 ನ್ಯಾನೋಫ್ಯಾರಡ್ ಪ್ರತಿಯೊಂದೂ ತನ್ನ ವೋಲ್ಟೇಜನ್ನು ತಾನೇ ಕಾದುಕೊಂಡಿರುತ್ತದೆ. ಕಾಮನ್ ಪಿನ್ನಿನಲ್ಲಿ ಉಳಿಯುವುದು ಐಸಿಯ, ಎಡಿಸಿಯ ಕೆಲವು ಹತ್ತು ಪಿಕೋಫ್ಯಾರಡ್ ಮಾತ್ರ. ಅದರ ಚಾರ್ಜ್ 100 ನ್ಯಾನೋಫ್ಯಾರಡ್‌ನಲ್ಲಿ ಬಿದ್ದರೆ ಅರ್ಧ ಮಿಲಿವೋಲ್ಟ್ ವ್ಯತ್ಯಾಸ. ಚಾನೆಲ್ ಬದಲಿಸಿ 100 ಮೈಕ್ರೋಸೆಕೆಂಡ್ ಕಾದರೆ ಧಾರಾಳ. ಕಡಿದ ವೈರ್ ಈಗ ನೇರ 3.3 ವೋಲ್ಟ್‌ಗೆ ಹೋಗುತ್ತದೆ. 3 ವೋಲ್ಟ್ ದಾಟಿದರೆ ‘ಸೆನ್ಸರ್ ಕಟ್’, 0.1ಕ್ಕಿಂತ ಕೆಳಗಿದ್ದರೆ ‘ಶಾರ್ಟ್’ ಎಂದು ಪ್ರೋಗ್ರಾಮಿನಲ್ಲಿ ಬರೆಯಿರಿ.

ಮಧ್ಯಾಹ್ನದ ಅದಲುಬದಲಿಗೆ ಕಾರಣ ಲಾಜಿಕ್ ಮಟ್ಟ. 5 ವೋಲ್ಟ್ ಪಡೆದ ಸಿಡಿ4051 ತನ್ನ ಎ, ಬಿ, ಸಿ ಅಡ್ರೆಸ್ ಪಿನ್‌ಗಳಲ್ಲಿ ‘ಒಂದು’ ಎಂದು ಖಾತ್ರಿಯಾಗಿ ಒಪ್ಪಲು 3.5 ವೋಲ್ಟ್ ಕೇಳುತ್ತದೆ. ಇಎಸ್‌ಪಿ32 ಕೊಡುವುದು ಹೆಚ್ಚೆಂದರೆ 3.3. ಮೇಜಿನ ಮೇಲೆ ನಡೆಯುತ್ತದೆ; ಮೋಟರಿನ ಗದ್ದಲ, ಬೇಸಿಗೆಯಲ್ಲಿ ಡ್ರೈಯರ್ ಪಕ್ಕ ಕಾದ ಡಬ್ಬಿ, ಸ್ವಲ್ಪ ಗ್ರೌಂಡ್ ವ್ಯತ್ಯಾಸ ಕೂಡಿದಾಗ ಕೈಕೊಡುತ್ತದೆ. ಅದೇ ಐಸಿಯನ್ನು 3.3 ವೋಲ್ಟ್‌ಗೆ ಇಳಿಸಿದರೆ ಲಾಜಿಕ್ ಹೊಂದುತ್ತದೆ, ಆದರೆ ಆನ್ ರೆಸಿಸ್ಟನ್ಸ್ ಎಲ್ಲಿಗೋ ಏರುತ್ತದೆ. ಅಷ್ಟು ಕಡಿಮೆ ಸಪ್ಲೈನಲ್ಲಿ ಸಿಗ್ನಲ್ ನಡುಮಟ್ಟದಲ್ಲಿದ್ದರೆ ಎರಡೂ ಟ್ರಾನ್ಸಿಸ್ಟರ್ ಅರೆಬರೆ ತೆರೆದಿರುತ್ತವೆ. ಆದ್ದರಿಂದ 74ಎಚ್‌ಸಿ4051 ಹಾಕಿ, 3.3 ವೋಲ್ಟ್‌ನಲ್ಲಿ ನಡೆಸಿ. ಪಿನ್‌ಗಳ ಜಾಗ ಒಂದೇ, ಅದೇ ಸಾಕೆಟ್ಟಿಗೆ ಕೂರುತ್ತದೆ. 4.5 ವೋಲ್ಟ್‌ನಲ್ಲಿ ಇದರ ರೆಸಿಸ್ಟನ್ಸ್ ಸುಮಾರು 80 ಓಮ್, 3.3ರಲ್ಲಿ ಅದಕ್ಕಿಂತ ಹೆಚ್ಚು. ಈಗ ಕರೆಂಟೇ ಹರಿಯದ ಕಾರಣ ಅದರ ಚಿಂತೆ ಬೇಡ. ಊರಲ್ಲಿ ಸಿಗದಿದ್ದರೆ ಹೈದರಾಬಾದಿನ ಕೋಠಿಯಿಂದಲೋ ಬೆಂಗಳೂರಿನ ಎಸ್‌ಪಿ ರೋಡಿನಿಂದಲೋ ತರಿಸಿ. ಅಂಗಡಿಯವರು ‘ಎರಡೂ ಒಂದೇ’ ಎಂದು ಸಿಡಿ4051 ಕೊಟ್ಟರೆ ತಗೊಳ್ಳಬೇಡಿ.

ಐಸಿ ಸುಡುವ ವಿಷಯಕ್ಕೆ ಬರೋಣ. ಪ್ರತಿ ಚಾನೆಲ್ ಪಿನ್ನಿನಿಂದ ಸಪ್ಲೈಗೂ ಗ್ರೌಂಡಿಗೂ ಐಸಿಯೊಳಗೆ ತಾನಾಗಿ ಹುಟ್ಟಿದ ಡಯೋಡ್‌ಗಳಿವೆ. ಸಿಗ್ನಲ್ ಸಪ್ಲೈಗಿಂತ ಅರ್ಧ ವೋಲ್ಟ್‌ನಷ್ಟು ಮೇಲೇರಿದರೆ ಅವು ತೆರೆದುಕೊಳ್ಳುತ್ತವೆ, ಚಾನೆಲ್ ಆಫ್ ಇದ್ದರೂ ಸಹ. ಟ್ರಾನ್ಸ್‌ಮಿಟರ್ ನಡೆಸುವ ನಿಮ್ಮ 24 ವೋಲ್ಟ್ ಸಪ್ಲೈ ಯುಪಿಎಸ್ ಮೇಲಿದ್ದು, ಬೋರ್ಡ್ ಮೇನ್ಸ್ ಮೇಲಿದೆಯೇ ನೋಡಿ. ಹಾಗಿದ್ದರೆ ಕರೆಂಟ್ ಹೋದಾಗ ಬೋರ್ಡಿನ ಸಪ್ಲೈ ಸೊನ್ನೆ, ಆದರೆ ಶಂಟಿನಲ್ಲಿ ವೋಲ್ಟೇಜ್ ಇದ್ದೇ ಇದೆ. ಟ್ರಾನ್ಸ್‌ಮಿಟರಿನ ಕರೆಂಟ್ ಡಯೋಡ್ ಮೂಲಕ ಹಿಂಬಾಗಿಲಿನಿಂದ ಬೋರ್ಡಿಗೆ ನುಗ್ಗುತ್ತದೆ. ಶಂಟಿನ ಗ್ರೌಂಡ್ ಸ್ಕ್ರೂ ಸಡಿಲವಾಗಿದ್ದರಂತೂ ಪೂರ್ತಿ 20 ಮಿಲಿಆಂಪ್‌ಗೆ ಐಸಿಯೇ ದಾರಿ. ಸಿಡಿ4051ರ ಒಂದು ಪಿನ್ ತಡೆಯುವುದು 10 ಮಿಲಿಆಂಪ್ ಮಾತ್ರ. ಇದೇ ಸ್ಥಿತಿಯಲ್ಲಿ ಸಪ್ಲೈ ವಾಪಸ್ ಬಂದರೆ ಐಸಿಯೊಳಗಿನ ಪದರಗಳು ಎಸ್‌ಸಿಆರ್ (ಒಮ್ಮೆ ಆನ್ ಆದರೆ ಪವರ್ ತೆಗೆಯುವವರೆಗೂ ಬಿಡದ ಸ್ವಿಚ್) ಥರ ಹಿಡಿದುಕೊಂಡು ಸಪ್ಲೈಯಿಂದ ಗ್ರೌಂಡಿಗೆ ನೇರ ಶಾರ್ಟ್ ಆಗಬಹುದು. ಇದಕ್ಕೆ ಲ್ಯಾಚ್-ಅಪ್ ಅನ್ನುತ್ತಾರೆ. ಕರೆಂಟ್ ಬಂದ ಕೂಡಲೇ ಐಸಿ ಮುಟ್ಟಲಾರದಷ್ಟು ಕಾದರೆ ಇದೇ ಆಗಿದೆ ಎಂದು ತಿಳಿಯಿರಿ, ತಕ್ಷಣ ಪವರ್ ತೆಗೆಯಿರಿ.

10ಕೆ ಹಾಕಲು ಹೇಳಿದ್ದು ಇದಕ್ಕೇ. ಶಂಟ್ ಬಿಟ್ಟುಹೋಗಿ ಪೂರ್ತಿ 24 ವೋಲ್ಟ್ ಬಂದರೂ 10ಕೆ ಮೂಲಕ 2 ಮಿಲಿಆಂಪ್ ಮಾತ್ರ ಹೋಗುತ್ತದೆ. 1ಕೆ ಆಗಿದ್ದರೆ 20. ಥರ್ಮಿಸ್ಟರ್‌ಗಳಿಗೂ 10ಕೆ ಯಾಕೆ ಬೇಡ ಎಂದರೆ ಲೀಕೇಜ್. ಆಫ್ ಇರುವ ಚಾನೆಲ್‌ಗಳಿಂದ ಸೋರುವ ಕರೆಂಟ್ ಸಾಮಾನ್ಯವಾಗಿ ಲೆಕ್ಕಕ್ಕಿಲ್ಲದಷ್ಟು, ಆದರೆ ಐಸಿ ಕಾದಾಗ ಡೇಟಾಶೀಟ್ 1 ಮೈಕ್ರೋಆಂಪ್‌ವರೆಗೆ ಬಿಡುತ್ತದೆ. ಅದು 10ಕೆಯಲ್ಲಿ 10 ಮಿಲಿವೋಲ್ಟ್. 60 ಡಿಗ್ರಿಯ ಹತ್ತಿರ ಒಂದು ಡಿಗ್ರಿ ಅಂದರೆ ಸುಮಾರು 19 ಮಿಲಿವೋಲ್ಟ್, ಹಾಗಾಗಿ ಅರ್ಧ ಡಿಗ್ರಿ ತಪ್ಪು. 1ಕೆಯಲ್ಲಿ ಆ ಹೆದರಿಕೆಯಿಲ್ಲ. ಬದಲಿಗೆ 24 ವೋಲ್ಟ್ ಟರ್ಮಿನಲ್‌ಗಳನ್ನು ಥರ್ಮಿಸ್ಟರ್ ಟರ್ಮಿನಲ್‌ಗಳಿಂದ ದೂರ, ಬೇರೆ ಬ್ಲಾಕಿನಲ್ಲಿಡಿ. ಎರಡೂ ಸಪ್ಲೈ ಒಂದೇ ಮೂಲದಿಂದ ಬರುವಂತೆ ಮಾಡಿದರೆ ಇನ್ನೂ ಒಳ್ಳೆಯದು. ಉದ್ದ ವೈರಿನಿಂದ ಬರುವ ಮೋಟರ್ ಗದ್ದಲ ಒಂದು ಚಾನೆಲ್ಲಿಗೆ ನುಗ್ಗಿ ಪಕ್ಕದ ಚಾನೆಲ್ಲಿನ ರೀಡಿಂಗ್ ಅಲುಗಾಡಿಸುವುದು ಆಮೇಲೂ ನಿಲ್ಲದಿದ್ದರೆ 74ಎಚ್‌ಸಿ4851 ಹಾಕಿ. ಒಂದು ಪಿನ್ನಿಗೆ ನುಗ್ಗಿದ ಕರೆಂಟ್ ಇನ್ನೊಂದಕ್ಕೆ ಹರಡದಂತೆ ಮಾಡಿರುವ ಐಸಿ ಅದು.

ಪಿನ್‌ಗಳು: 16ಕ್ಕೆ 3.3 ವೋಲ್ಟ್, 8ಕ್ಕೆ ಗ್ರೌಂಡ್, ಎರಡರ ನಡುವೆ ಐಸಿಗೆ ಅಂಟಿಕೊಂಡಂತೆ 100 ನ್ಯಾನೋಫ್ಯಾರಡ್. 7ನೇ ಪಿನ್ ನೆಗೆಟಿವ್ ಸಪ್ಲೈಯದು. ನಿಮ್ಮಲ್ಲಿ ನೆಗೆಟಿವ್ ಇಲ್ಲ, ಹಾಗಾಗಿ ಗ್ರೌಂಡಿಗೆ ಕೊಡಲೇಬೇಕು. ಬಹಳ ಜನ ಇದನ್ನು ಖಾಲಿ ಬಿಟ್ಟು ದಿನಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೆ. ಅಡ್ರೆಸ್ ಪಿನ್‌ಗಳು 11 ಎ, 10 ಬಿ, 9 ಸಿ. ಚಾನೆಲ್‌ಗಳು ಸಾಲಾಗಿಲ್ಲ: 0ಯಿಂದ 7ರವರೆಗೆ ಕ್ರಮವಾಗಿ ಪಿನ್ 13, 14, 15, 12, 1, 5, 2, 4. 6ನೇ ಪಿನ್ ಇನ್‌ಹಿಬಿಟ್; ಕೆಳಗಿದ್ದರೆ (0 ವೋಲ್ಟ್) ಸ್ವಿಚ್ ಕೆಲಸ ಮಾಡುತ್ತದೆ, ಮೇಲಿದ್ದರೆ (3.3 ವೋಲ್ಟ್) ಎಲ್ಲ ಚಾನೆಲ್ ಬಂದ್. ಅದಕ್ಕೆ 3.3 ವೋಲ್ಟ್‌ಗೆ 10ಕೆ ಕೊಟ್ಟು ಇಎಸ್‌ಪಿ32ರ ಜಿಪಿಐಓ 33ನೇ ಪಿನ್ನಿಗೆ ಸೇರಿಸಿ. ಎ, ಬಿ, ಸಿಗೆ 25, 26, 27. ಕಾಮನ್ ಪಿನ್ ಜಿಪಿಐಓ 34ಕ್ಕೆ ಹೋಗಲಿ. ಇಎಸ್‌ಪಿ32ರ ಎರಡು ಎಡಿಸಿಗಳಲ್ಲಿ ಎಡಿಸಿ2ರ ಪಿನ್‌ಗಳು ವೈಫೈ ನಡೆಯುವಾಗ ಓದುವುದಿಲ್ಲ, 34 ಎಡಿಸಿ1ರದು.

ಪ್ರೋಗ್ರಾಮಿನ ಕ್ರಮ: ಇನ್‌ಹಿಬಿಟ್ ಮೇಲೆ, ಅಡ್ರೆಸ್ ಬದಲಿಸಿ, ಇನ್‌ಹಿಬಿಟ್ ಕೆಳಗೆ, 100 ಮೈಕ್ರೋಸೆಕೆಂಡ್ ಕಾಯಿರಿ, ಮೊದಲ ರೀಡಿಂಗ್ ಎಸೆಯಿರಿ. ನೇರವಾಗಿ 3ರಿಂದ 4ಕ್ಕೆ ಹಾರಿದರೆ ಮೂರು ಬಿಟ್‌ಗಳೂ ಬದಲಾಗಬೇಕು, ನಡುವೆ ಕ್ಷಣಕಾಲ ಬೇರೆ ಚಾನೆಲ್ ತೆರೆಯುತ್ತದೆ. ಇನ್‌ಹಿಬಿಟ್ ಇದನ್ನು ತಪ್ಪಿಸುತ್ತದೆ. ಆಮೇಲೆ ಒಂದೊಂದು ಮಿಲಿಸೆಕೆಂಡಿಗೆ ಒಂದರಂತೆ 20 ರೀಡಿಂಗ್ ತೆಗೆದು ಸರಾಸರಿ ಮಾಡಿ. 20 ಮಿಲಿಸೆಕೆಂಡ್ ಅಂದರೆ 50 ಹರ್ಟ್ಸ್‌ನ ಒಂದು ಪೂರ್ತಿ ಸುತ್ತು, ಮೇನ್ಸ್ ಹಮ್ ತಾನಾಗಿ ಕಳೆದುಹೋಗುತ್ತದೆ. ಎಂಟೂ ಚಾನೆಲ್ ಸೇರಿ ಸೆಕೆಂಡಿನ ಐದನೇ ಒಂದು ಪಾಲೂ ಆಗುವುದಿಲ್ಲ. 3.3 ವೋಲ್ಟ್ ಏರಿಳಿದರೆ ರೀಡಿಂಗೂ ಏರಿಳಿಯುತ್ತದೆ, ಅದಕ್ಕೆ ಎರಡು 10ಕೆಯ ಡಿವೈಡರ್ ಮಾಡಿ ಜಿಪಿಐಓ 35ರಲ್ಲಿ ಸಪ್ಲೈಯ ಅರ್ಧವನ್ನು ಓದಿ, ಥರ್ಮಿಸ್ಟರ್ ಲೆಕ್ಕವನ್ನು ಅದರ ಅನುಪಾತದಲ್ಲಿ ಮಾಡಿ. ಸೆನ್ಸರ್ ವೈರ್ ಹೆಣೆದ ಜೋಡಿ, ಶೀಲ್ಡ್ ಇರುವಂಥದ್ದು. ಶೀಲ್ಡಿನ ಗ್ರೌಂಡ್ ಬೋರ್ಡಿನ ಕಡೆ ಮಾತ್ರ. ರಿಲೇಯ ಗ್ರೌಂಡ್ ವೈರಿನಲ್ಲೇ ಸೆನ್ಸರಿನ ವಾಪಸ್ ವೈರ್ ಕಟ್ಟಬೇಡಿ.

ಮುಂದೆ ಎಂದಾದರೂ ಪಿಟಿ100 ಬೇಕೇ ಬೇಕೆನಿಸಿದರೆ, ಅದು ಒಂದು ಡಿಗ್ರಿಗೆ ಬದಲಾಗುವುದು 0.385 ಓಮ್ ಮಾತ್ರ ಎಂಬುದು ನೆನಪಿರಲಿ. ಅಲ್ಲಿ 4052 ಬಳಸಿ. ಅದರಲ್ಲಿ ನಾಲ್ಕು ಚಾನೆಲ್ಲಿನ ಎರಡು ಸ್ವಿಚ್‌ಗಳು ಒಟ್ಟಿಗೆ ತಿರುಗುತ್ತವೆ. ಒಂದರ ಮೂಲಕ 1 ಮಿಲಿಆಂಪ್‌ನ ಸ್ಥಿರ ಕರೆಂಟ್ ಕಳಿಸಿ; ಸ್ಥಿರ ಕರೆಂಟಿಗೆ ದಾರಿಯಲ್ಲಿನ ರೆಸಿಸ್ಟನ್ಸ್ ಲೆಕ್ಕಕ್ಕಿಲ್ಲ. ಇನ್ನೊಂದರ ಮೂಲಕ ಪಿಟಿ100ರ ತಲೆಯಿಂದಲೇ ಬೇರೆ ವೈರ್ ತಂದು ವೋಲ್ಟೇಜ್ ಓದಿ. ಅಲ್ಲಿ ಕರೆಂಟೇ ಇಲ್ಲ. ಡಿಗ್ರಿಗೆ 0.385 ಮಿಲಿವೋಲ್ಟ್ ಮಾತ್ರ ಬರುವುದರಿಂದ ಇಎಸ್‌ಪಿ32ರ ಎಡಿಸಿ ಸಾಲದು, ಎಡಿಎಸ್1115ನಂಥ 16 ಬಿಟ್‌ನ ಹೊರಗಿನ ಎಡಿಸಿ ಬೇಕು. ಭತ್ತದ ಡ್ರೈಯರಿನ ತಾಪಮಾನಕ್ಕೆ ಥರ್ಮಿಸ್ಟರ್ ಸಾಕು ಎಂಬುದು ನನ್ನ ಅಭಿಪ್ರಾಯ. ಮೊದಲು ಏಳು ರೆಸಿಸ್ಟರ್ ಹಾಕಿ, 2.49ಕೆ ಇಟ್ಟು 60 ಬರುತ್ತದೆಯೇ ನೋಡಿ.